ಪೈಲ್ವಾನ್ ಬಿಸ್ಕೆಟ್ಟೂ ಇರುವೆ ಅಕ್ಷರಾನೂ

ಅಲ್ಲಾ ಮಾರಾಯ್ರೆ, ನಿನ್ನೆ ಒಂದು ಬಿಸ್ಕೆಟ್ ಪ್ಯಾಕೆಟ್ ಕೈಗೆ ಬಂತು. ಮುಂದ್ಗಡೆ ಅರ್ಧ ಜಾಗ ನುಂಗೋ ಹಾಗೆ ದಪ್ಪಕ್ಷರದಲ್ಲಿ ಪ್ರೋಟೀನ್ ಅಂತ ಬರ್ದಿದ್ರು, ಪಕ್ಕದಲ್ಲಿ ಒಬ್ಬ ಪೈಲ್ವಾನ್ ತೋಳು ಮಡಚ್ಕೊಂಡು ನಿಂತಿದ್ದ, ಬಿಸ್ಕೆಟ್ ತಿಂದೇ ಹಿಂಗಾದೆ ಅನ್ನೋ ಮುಖ. ಹಿಂದ್ಗಡೆ ತಿರುಗಿಸಿದ್ರೆ ಅಕ್ಷರ ಎಲ್ಲಾ ಇರುವೆ ಸಾಲು, ಕನ್ನಡಕ ಹಾಕಿದ್ರೂ ಆಗ್ಲಿಲ್ಲ, ಮೊಬೈಲಲ್ಲಿ ಫೋಟೋ ಹೊಡ್ದು ಝೂಮ್ ಮಾಡಿ ನೋಡ್ತೀನಿ, ಒಂದು ಸರ್ವಿಂಗ್‌ಗೆ 2 ಗ್ರಾಂ ಪ್ರೋಟೀನ್, 8 ಗ್ರಾಂ ಸಕ್ಕರೆ! ಸರ್ವಿಂಗ್ ಅಂದ್ರೆ ಎರಡು ಬಿಸ್ಕೆಟ್ ಅಂತೆ. ಎರಡೇ ಎರಡು ತಿಂದು ಪ್ಯಾಕೆಟ್ ಮಡಚಿಡೋ ಮನುಷ್ಯನ್ನ ನಾನಂತೂ ಇವತ್ತಿನವರೆಗೂ ನೋಡಿಲ್ಲ.

ಸರಿ, ಲೆಕ್ಕ ಹಾಕೋಣ. ದೊಡ್ಡವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು ಅಂತಾರೆ, ಅಂದ್ರೆ 60 ಕೆಜಿ ಇರೋರಿಗೆ 48 ಗ್ರಾಂ. ಅಷ್ಟನ್ನೂ ಈ ಬಿಸ್ಕೆಟ್ಟಿಂದ್ಲೇ ಎತ್ಬೇಕು ಅಂದ್ರೆ 48 ಬಿಸ್ಕೆಟ್ ಮೇಯ್ಬೇಕು, ಜೊತೆಗೆ 192 ಗ್ರಾಂ ಸಕ್ಕರೆ ಫ್ರೀ. ಪೈಲ್ವಾನ್ ಆಗ್ತೀವೋ ಇಲ್ವೋ, ಡಾಕ್ಟ್ರ ಕ್ಲಿನಿಕ್‌ನಲ್ಲಿ ಪರ್ಮನೆಂಟ್ ಕುರ್ಚಿಯಂತೂ ಗ್ಯಾರಂಟಿ.

ಪ್ರೋಟೀನ್ ಕೆಲಸ ಚಿಕ್ಕದು ಅಂತ ನಾನು ಹೇಳ್ತಿಲ್ಲ. ಸ್ನಾಯು, ಊಟ ಅರಗಿಸೋ ಎಂಜೈಮು, ರಕ್ತದಲ್ಲಿ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್ನು, ರೋಗದ ಜೊತೆ ಗುದ್ದಾಡೋ ಆಂಟಿಬಾಡಿ, ಎಲ್ಲಾ ಅದೇ. ಪ್ರೋಟೀನ್ ಕಟ್ಟೋ ಇಟ್ಟಿಗೆಗಳು ಅಂದ್ರೆ 20 ಅಮೈನೋ ಆಮ್ಲಗಳು, ಅವುಗಳಲ್ಲಿ 9 ನಮ್ಮ ದೇಹಕ್ಕೆ ಮಾಡ್ಕೊಳ್ಳೋಕೇ ಬರಲ್ಲ, ಊಟದಿಂದ್ಲೇ ಬರ್ಬೇಕು. ಆದ್ರೆ 1838ರಲ್ಲಿ ಮುಲ್ಡರ್ ಅನ್ನೋ ಡಚ್ ರಸಾಯನಶಾಸ್ತ್ರಜ್ಞ ಗ್ರೀಕ್ ಭಾಷೆಲಿ 'ಮೊದಲನೇ ಸ್ಥಾನದ್ದು' ಅನ್ನೋ ಅರ್ಥ ಬರೋ ಹೆಸರಲ್ಲೇ ಇದನ್ನ ಕರೆದ್ಬಿಟ್ಟ ನೋಡಿ, ಆವತ್ತು ತಲೆಗೇರಿದ್ದು ಇನ್ನೂ ಇಳಿದಿಲ್ಲ. ಜಾಸ್ತಿ ತಿಂದ್ರೆ ಕೂಡಿಡೋಕೆ ದೇಹದಲ್ಲಿ ಪ್ರೋಟೀನ್ ಗೋಡೌನೇ ಇಲ್ಲ. ಅದರ ನೈಟ್ರೋಜನ್ನನ್ನ ಲಿವರ್ರು ಯೂರಿಯಾ ಮಾಡುತ್ತೆ, ಕಿಡ್ನಿ ಹೊರಗೆ ಹಾಕುತ್ತೆ, ಉಳಿದಿದ್ದು ಉರಿದೋಗುತ್ತೆ ಇಲ್ಲಾ ಕೊಬ್ಬಾಗಿ ಸೊಂಟದಲ್ಲಿ ಕೂರುತ್ತೆ.

ಇನ್ನು ಈಗಿನ ವಿಲನ್, ಅನ್ನ, ರೊಟ್ಟಿ, ಸಕ್ಕರೆಲಿರೋ ಕಾರ್ಬೋಹೈಡ್ರೇಟು. ಅದರ ಹೆಸರೆತ್ತಿದ್ರೆ ಜನ ಹಾವು ತುಳಿದಂಗೆ ಹಾರ್ತಾರೆ. ಮೈತೂಕದಲ್ಲಿ ನೂರಕ್ಕೆ 2 ಪಾಲಿರೋ ಮೆದುಳು ಸುಮ್ನೆ ಕೂತಾಗ್ಲೂ ದೇಹದ ಶಕ್ತಿಲಿ ಸುಮಾರು 20 ಪಾಲು ತಿನ್ನುತ್ತೆ, ಅದಕ್ಕೆ ದಿನಕ್ಕೆ ಹತ್ತಿರಹತ್ತಿರ 120 ಗ್ರಾಂ ಗ್ಲೂಕೋಸ್, ಅಂದ್ರೆ ಕಾರ್ಬ್ ಅರಗಿ ಆಗೋ ಸಕ್ಕರೆ, ಬೇಕು. ಕಾರ್ಬ್ ಪೂರ್ತಿ ಬಿಟ್ಟೆ ಅಂತ ಮೀಸೆ ತಿರುವೋನ ತಲೆಗೂ ಸ್ವಲ್ಪ ಗ್ಲೂಕೋಸ್ ಬೇಕೇ ಬೇಕು, ಅವನು ಕೊಡ್ದಿದ್ರೆ ಲಿವರ್ರೇ ತಯಾರು ಮಾಡುತ್ತೆ, ಯಾವುದ್ರಿಂದ ಅಂತೀರಿ? ಅವನು ದುಬಾರಿ ದುಡ್ಡು ಕೊಟ್ಟು ಕುಡಿದ ಪ್ರೋಟೀನ್ ಪೌಡರಿಂದ್ಲೂ! ಮುಂಬಾಗ್ಲಲ್ಲಿ ಓಡಿಸಿದ ನೆಂಟ ಹಿತ್ತಲ ಬಾಗ್ಲಲ್ಲಿ ಬಂದು ಕೂತ.

ಹಿಂದೆ ಇದೇ ಗತಿ ಕೊಬ್ಬಿಗಿತ್ತು. ಗ್ರಾಂಗೆ 9 ಕ್ಯಾಲೊರಿ, ಉಳಿದೆರಡಕ್ಕೆ ತಲಾ 4, ಹಂಗಾಗಿ ಬೈಗುಳ ಎಲ್ಲಾ ಅದಕ್ಕೇ. ಜೀವಕೋಶದ ಪೊರೆ ಆಗೋಕೂ ಅದು ಬೇಕು, ಎ, ಡಿ, ಇ, ಕೆ ವಿಟಮಿನ್ ಮೈಗೆ ಹತ್ತೋಕೂ ಅದೇ ಬೇಕು, ಆದ್ರೂ ಬರೀ ಸಕ್ಕರೆ ಪಾಕ ಗಟ್ಟಿ ಮಾಡಿದ ಮಿಠಾಯಿ ಮೇಲೆ 'ಫ್ಯಾಟ್ ಫ್ರೀ' ಅಂತ ಅಚ್ಚು ಹಾಕಿ ಮಾರಿದ್ರು, ನಾವೂ ಆರೋಗ್ಯ ಅಂತ ಚಪ್ಪರಿಸಿದ್ವಿ. ಗಿಡದ ಎಣ್ಣೆ ಬಾಟ್ಲಿ ಮೇಲಿನ 'ಝೀರೋ ಕೊಲೆಸ್ಟ್ರಾಲ್' ಅಂತೂ ಇನ್ನೂ ಚೆಂದ. ಕೊಲೆಸ್ಟ್ರಾಲ್ ಪ್ರಾಣಿ ದೇಹದ ಸರಕು, ಗಿಡದಲ್ಲಿ ಇದೆ ಅನ್ನೋಕೂ ನಾಚಿಕೆ ಆಗೋ ಅಷ್ಟು ಕಮ್ಮಿ. ಎಮ್ಮೆ ಕೊರಳಿಗೆ 'ಪೆಟ್ರೋಲ್ ಕುಡಿಯಲ್ಲ' ಅಂತ ಬೋರ್ಡ್ ತಗ್ಲಾಕಿದಂಗೆ.

ವಿಟಮಿನ್ ಮಾತ್ರೆ ಭಕ್ತರು ಬೇರೆ ಇದ್ದಾರೆ. ಇರೋದು 13 ವಿಟಮಿನ್ನು, ಒಂದೊಂದೂ ಚಿಟಿಕೆಗಿಂತ ಕಮ್ಮಿ ಸಾಕು. ಬಿ2 ಮಾತ್ರೆ ಹೆಚ್ಚಾಗಿ ನುಂಗಿದವ್ರ ಮೂತ್ರ ಅಚ್ಚ ಹಳದಿ ಆಗುತ್ತೆ, ಅದು ಕೊಟ್ಟ ದುಡ್ಡಿಗೆ ಸಿಗೋ ರಸೀದಿ. ವಿಟಮಿನ್ ಎ ಮಾತ್ರ ಹಂಗೆ ಹೊರಗೂ ಹೋಗಲ್ಲ, ಲಿವರ್‌ನಲ್ಲೇ ಕೂತ್ಕೊಂಡು ಅತಿಯಾದ್ರೆ ಅಮೃತಾನೂ ವಿಷ ಅಂತ ತೋರ್ಸುತ್ತೆ.

ಖನಿಜಗಳ ಕಡೆ ಯಾರೂ ತಿರುಗೂ ನೋಡಲ್ಲ. ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು ಥೈರಾಯ್ಡ್ ನಡೆಯೋಕೆ, ಅದೂ ಸಿಗ್ದಿದ್ರೆ ಕುತ್ತಿಗೆಲಿ ಗಡ್ಡೆ. ಆದ್ರೆ ಅಷ್ಟು ಸಣ್ಣ ವಸ್ತುಗೆ ಯಾವ ಪೈಲ್ವಾನ್ ತೋಳು ತೋರಿಸ್ತಾನೆ? ಊಟದಲ್ಲಿರೋ ನಾರಿನಂಶಕ್ಕೂ ಅದೇ ಅವಮಾನ. ನೀರೊಂದು ಬಚಾವಾಗಿತ್ತು, ಈಗ ಅದಕ್ಕೂ ಪ್ರೋಟೀನ್ ಕಲಸಿ ಬಾಟ್ಲಿಗೆ ಹಾಕಿದ್ದಾರೆ.

ಅಂದಂಗೆ ಆ ಬಿಸ್ಕೆಟ್ ಪ್ಯಾಕೆಟ್ಟು ಇದನ್ನ ಬರೀತಾ ಬರೀತಾನೇ ಖಾಲಿ ಆಯ್ತು. ಒಟ್ಟು ಆರು ಸರ್ವಿಂಗು. ಕನ್ನಡಿ ಮುಂದೆ ಹೋಗಿ ತೋಳು ಮಡಚಿ ನೋಡ್ಕೊಂಡೆ, ಬಿಸ್ಕೆಟ್ ಪುಡಿ ಉದುರ್ತು.