ಕಬ್ಬಿಣದ ಮಾತ್ರೆಗೂ ಕಾಫಿಗೂ ಆಗಿಬರಲ್ಲ

ನಮ್ಮ ಮೂಡಿಗೆರೆ ಕಡೆ ಎಷ್ಟೋ ಮನೆಗಳ ಕಿಟಕಿಯಲ್ಲಿ ಕಬ್ಬಿಣಾಂಶದ ಕೆಂಪು ಮಾತ್ರೆಯ ಒಂದು ಶೀಟು ಇದ್ದೇ ಇರುತ್ತದೆ. ಆಶಾ ಕಾರ್ಯಕರ್ತೆ ಪುಕ್ಕಟೆ ಕೊಟ್ಟಿದ್ದು. ನಾಲ್ಕು ಖಾಲಿಯಾಗಿರುತ್ತವೆ, ಉಳಿದವು ಹಾಗೇ ಇರುತ್ತವೆ. ಆ ಮನೆಯ ಹೆಂಗಸನ್ನು ಕೇಳಿದರೆ, "ಏನೋ ಸುಸ್ತು ಕಣಕ್ಕಾ, ವಯಸ್ಸಾಯ್ತಲ್ಲ" ಅನ್ನುತ್ತಾಳೆ. ವಯಸ್ಸು ಮೂವತ್ತೈದೂ ದಾಟಿರುವುದಿಲ್ಲ.

ಈ ಸುಸ್ತನ್ನು ಹೆಂಗಸರ ಹಣೆಬರಹ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ನನಗೆ ಸಿಟ್ಟು ಬರುವುದು ಅದಕ್ಕೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶದಿಂದ ಆಗುವ ರಕ್ತದ ಕೆಂಪು ಅಂಶ, ಅಂದರೆ ಹಿಮೋಗ್ಲೋಬಿನ್, ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ, ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ, ರಕ್ತ ಕಮ್ಮಿ ಅಂತಲೇ ಲೆಕ್ಕ.

ಕಾಫಿ ಕೊಯ್ಲಿನ ಹೊತ್ತಲ್ಲಿ ತೋಟದಲ್ಲಿ ನಿಂತು ನೋಡಿ. ಚೀಲ ಹೊತ್ತು ಏರು ಹತ್ತುವವಳು ನಡುವೆ ಗಿಡ ಹಿಡಿದು ನಿಲ್ಲುತ್ತಾಳೆ. ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ, ಬಿಳಿಚಿಕೊಂಡಿರುತ್ತದೆ. ಕೆಲವರು ಗುಟ್ಟಾಗಿ ಹಸಿ ಅಕ್ಕಿ, ಮಣ್ಣು ತಿನ್ನುತ್ತಾರೆ. ಅದನ್ನು ಕೆಟ್ಟ ಚಾಳಿ ಅಂತ ಬೈಯಬೇಡಿ. ಮೈಯಲ್ಲಿ ಕಬ್ಬಿಣಾಂಶ ಖಾಲಿಯಾದಾಗ ಅಂಥ ಆಸೆ ಹುಟ್ಟುವುದುಂಟು.

ಹಾಗಾದರೆ ಮಾತ್ರೆ ತಗೊಂಡರೂ ರಕ್ತ ಯಾಕೆ ಏರುವುದಿಲ್ಲ? ನಮ್ಮ ಊರಿನ ಮಟ್ಟಿಗೆ ಒಂದು ಕಾರಣ ಲೋಟದಲ್ಲೇ ಇದೆ. ಬೆಳಿಗ್ಗೆ ಎದ್ದ ಕೂಡಲೇ ಬೆಲ್ಲದ ಕಾಫಿ, ತಿಂಡಿ ಜೊತೆ ಕಾಫಿ, ಹತ್ತು ಗಂಟೆಗೆ ಮತ್ತೆ ಕಾಫಿ. ಮಾತ್ರೆಯೂ ಅದರ ಜೊತೆಗೇ ಗಂಟಲಿಗೆ ಇಳಿಯುತ್ತದೆ. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣಕ್ಕೆ ಅಂಟಿಕೊಂಡು ಅದು ರಕ್ತ ಸೇರದಂತೆ ತಡೆಯುತ್ತದೆ. ಕಾಫಿ ಬಿಡಿ ಅಂತ ಮಲೆನಾಡಿನವರಿಗೆ ನಾನು ಹೇಳಲ್ಲ. ಮಾತ್ರೆಗೆ ಒಂದು ಗಂಟೆ ಮುಂಚೆಯೋ, ಎರಡು ಗಂಟೆ ಆದಮೇಲೋ ಕುಡಿಯಿರಿ, ಅಷ್ಟೇ. ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬೇಡಿ, ಅದು ಬೇರೆ ಹೊತ್ತಿಗೆ.

ಮಲ ಕಪ್ಪಾಗುತ್ತದೆ ಅಂತ ಹೆದರಿ ಬಿಡುವವರು ಬಹಳ. ಈ ಮಾತ್ರೆ ತಗೊಂಡಾಗ ಅದು ಸಹಜ. ಮಗು ಕಪ್ಪಗೆ ಹುಟ್ಟುತ್ತೆ ಅಂತ ಅತ್ತೆಯಂದಿರು ಹೇಳುವುದಂತೂ ಶುದ್ಧ ಸುಳ್ಳು. ವಾಕರಿಕೆ, ಮಲಬದ್ಧತೆ ಆಗುವುದು ನಿಜ. ಆಗ ಊಟ ಆದಮೇಲೆ ರಾತ್ರಿ ತಗೊಳ್ಳಿ, ಆಗದಿದ್ದರೆ ಡಾಕ್ಟರಿಗೆ ಹೇಳಿ ಬೇರೆ ಮಾತ್ರೆ ಬರೆಸಿಕೊಳ್ಳಿ. ಅದೂ ಒಗ್ಗದಿದ್ದರೆ ಡ್ರಿಪ್ಪಿನಲ್ಲಿ ಕಬ್ಬಿಣ ಕೊಡುತ್ತಾರೆ. ಹಿಮೋಗ್ಲೋಬಿನ್ ಸರಿಯಾಯ್ತು ಅಂತ ತಕ್ಷಣ ನಿಲ್ಲಿಸಬಾರದು. ಮೈಯೊಳಗಿನ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳಾದರೂ ಬೇಕು.

ಬೀಟ್‌ರೂಟ್ ಕೆಂಪಗಿದೆ ಅಂತ ಅದರಿಂದಲೇ ರಕ್ತ ಆಗಲ್ಲ. ನುಗ್ಗೆಸೊಪ್ಪು, ಕಾಳು, ಮೊಳಕೆ ಕಟ್ಟಿದ ರಾಗಿ ತಿನ್ನಲೇಬೇಕು. ತಿನ್ನುವವರಿಗೆ ಮಾಂಸ, ಮೀನು ಇನ್ನೂ ಒಳ್ಳೆಯದು. ಆದರೆ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದವಳಿಗೆ ಬರೀ ಸೊಪ್ಪು ಸಾಕಾಗುವುದಿಲ್ಲ.

ಸರಿಯಾಗಿ ಒಂದು ತಿಂಗಳು ಮಾತ್ರೆ ತಗೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ ಬೇರೆ ಕಾರಣ ಹುಡುಕಬೇಕು. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿರಬಹುದು, ಬಿ12 ವಿಟಮಿನ್ ಕಮ್ಮಿ ಇರಬಹುದು, ತಲಸ್ಸೇಮಿಯಾ ಅನ್ನುವ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರಬಹುದು. ಗಂಡಸರಲ್ಲಿ, ವಯಸ್ಸಾದವರಲ್ಲಿ ಹೊಟ್ಟೆಯೊಳಗೆಲ್ಲೋ ರಕ್ತ ಸೋರುತ್ತಿರಬಹುದು. ಮೆಡಿಕಲ್ ಶಾಪಿನ ಟಾನಿಕ್ ಇದಕ್ಕೆ ಉತ್ತರ ಅಲ್ಲ.

ತೋಟದವರಿಗೆ ಇನ್ನೊಂದಿದೆ, ಕೊಕ್ಕೆಹುಳು. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡಿದರೆ ಚರ್ಮದ ಮೂಲಕವೇ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ತೋಟದ ಮಾಲೀಕರಲ್ಲಿ ನನ್ನ ಕೇಳಿಕೆ ಇಷ್ಟು: ಈ ಸಲ ಕೊಯ್ಲಿಗೆ ಮುಂಚೆ ಕೆಲಸಗಾರರ ಲೈನ್ ಮನೆಗಳ ಹತ್ತಿರ ಶೌಚಾಲಯ ಸರಿ ಮಾಡಿಸಿ, ಎಲ್ಲರಿಗೂ ಬೂಟು ಕೊಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಒಂದು ದಿನ ತೋಟಕ್ಕೇ ಕರೆಸಿ, ಹಿಮೋಗ್ಲೋಬಿನ್ ನೋಡಿಸಿ, ಜಂತುಹುಳದ ಮಾತ್ರೆ ಕೊಡಿಸಿ. ಆ ದಿನದ ಕೂಲಿ ಮಾತ್ರ ಹಿಡಿಯಬೇಡಿ.