ಐದು ಗಂಟೆಗೆ ಹತ್ತು ನಿಮಿಷ ಕಮ್ಮಿ

ಮುಳ್ಳಯ್ಯನಗಿರಿ ನೋಡಲು ಬರುವ ಬೆಂಗಳೂರಿನವರಿಂದ ಶನಿವಾರ, ಭಾನುವಾರ ಕಿಕ್ಕಿರಿಯುವ ನಮ್ಮ ಚಿಕ್ಕಮಗಳೂರಿನ ಹೋಟೆಲೊಂದರಲ್ಲಿ ಪಾರ್ಟ್ ಟೈಮ್ ಹುಡುಗರ ಪಾಳಿ ಬೆಳಿಗ್ಗೆ 11ಕ್ಕೆ ಆರಂಭವಾಗಿ ನಡುವೆ ಊಟದ ಬಿಡುವಿಲ್ಲದೆ ಮಧ್ಯಾಹ್ನ 3 ಗಂಟೆ 50 ನಿಮಿಷಕ್ಕೆ ಮುಗಿಯುತ್ತದೆ. ಒಂದು ಗಂಟೆಯ ಬಿಡುವು ಕೊಡದೆ ಯಾರನ್ನೂ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎಂದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಪೂರ್ತಿ ಐದು ಗಂಟೆ ದುಡಿಸಿದ್ದರೂ ತಪ್ಪಾಗುತ್ತಿರಲಿಲ್ಲ. ಆದರೂ ಮಾಲೀಕರು ಹತ್ತು ನಿಮಿಷವನ್ನು ಮಡಿಯಲ್ಲಿ ದೂರವಿಟ್ಟಿದ್ದಾರೆ. ಕಾನೂನಿಗೆ ಇಷ್ಟೊಂದು ಅಂಜಿ ನಡೆಯುವ ಉದ್ಯಮಿಗೆ ಮುಂದಿನ ರಾಜ್ಯೋತ್ಸವದಲ್ಲಿ ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಡಬೇಕೆಂಬುದು ನನ್ನ ವಿನಂತಿ. ಬುಟ್ಟಿ ಹೊತ್ತು ತರುವ ಹುಡುಗ ಮಾತ್ರ ಪಾರ್ಟ್ ಟೈಮಿನವನಾಗಿರಲಿ.

ಬಡಿಸುವವ ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕೂತರೇನು ಎಂದು ಗಾದೆ ಕಟ್ಟಿದವರು, ಬಡಿಸುವವನು ಎಲ್ಲಿ ಕೂರಬೇಕೆಂದು ಯೋಚಿಸಿದಂತಿಲ್ಲ. ಮಲೆನಾಡಿನ ಮದುವೆ ಮನೆಗಳು ಯೋಚಿಸಿದ್ದವು. ಬಡಿಸಿ ದಣಿದವರಿಗೆಂದೇ ಕೊನೆಯಲ್ಲೊಂದು ಪಂಕ್ತಿ ಹಾಕಿ, ತಣ್ಣಗಾದ ಸಾರನ್ನು ಮತ್ತೆ ಕುದಿಸಿ, ಮನೆಯ ಯಜಮಾನನೇ ತುಪ್ಪದ ಗಿಂಡಿ ಹಿಡಿದು ನಿಂತು, ಸಾಕೆಂದರೂ ಕೇಳದೆ ಸುರಿಯುತ್ತಿದ್ದ. ಈಗಿನ ಹೋಟೆಲಿನಲ್ಲಿ ‘ಮಲೆನಾಡಿನ ಆತಿಥ್ಯ’ ಎಂಬುದು ಊಟದ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿದೆ. ಕಡುಬಿನ ತಟ್ಟೆ ಹಿಡಿದವನ ಹೊಟ್ಟೆ ತಾಳ ಹಾಕುತ್ತಿರುತ್ತದೆ.

ತೋಟದ ಕೆಲಸಗಾರರಿಗೆ ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆಯ ಬಿಡುವು ಕೊಡಬೇಕೆಂದು 1951ರಷ್ಟು ಹಿಂದೆಯೇ ಕೇಂದ್ರದ ಕಾಯ್ದೆಯೊಂದು ಬರೆದಿಟ್ಟಿತು. ಕಾಫಿ ಕೊಯ್ದವರು ಮರದ ಬುಡದಲ್ಲಿ ಕೂತು ಬುತ್ತಿ ಬಿಚ್ಚಬಹುದು, ಅದೇ ಕಾಫಿಯನ್ನು ಮೇಜಿಗೆ ತಂದಿಡುವವನು ಬಿಚ್ಚಬಾರದು.

3 ಗಂಟೆ 50 ನಿಮಿಷಕ್ಕೆ ಗಿರಾಕಿಗಳು ಎದ್ದು ಹೋಗುತ್ತಾರೆಯೇ? ‘ಇನ್ನೊಂದು ಬಸ್ಸಿನ ಜನ ಇಳಿದಿದ್ದಾರೆ, ಸ್ವಲ್ಪ ಹೊತ್ತು ಇರೋ ಮಾರಾಯ’ ಎನ್ನುತ್ತಾರೆ ಮ್ಯಾನೇಜರ್. ಹುಡುಗ ಹೆಬ್ಬೆಟ್ಟೊತ್ತಿ ಹೊರಗೆ ಹೋದಂತೆ ದಾಖಲಾಗುತ್ತಾನೆ, ಹತ್ತು ನಿಮಿಷ ಬಿಟ್ಟು ಮತ್ತೆ ಹೆಬ್ಬೆಟ್ಟೊತ್ತಿ ಹೊಚ್ಚ ಹೊಸ ನೌಕರನಾಗಿ ಒಳಗೆ ಬರುತ್ತಾನೆ. ಬೆಳಗಿನ ಹಸಿವು ಬೆಳಗಿನ ಪಾಳಿಗೆ ಸೇರಿದ್ದು, ಅದರ ಲೆಕ್ಕ ಅಲ್ಲಿಗೆ ಮುಗಿಯಿತು. ರಾತ್ರಿ ಎಂಟರವರೆಗೂ ಪುಸ್ತಕದ ಪ್ರಕಾರ ಯಾರೂ ಐದು ಗಂಟೆ ದಾಟಿ ದುಡಿದಿರುವುದಿಲ್ಲ.

ಇದನ್ನು ತಮಾಷೆ ಮಾಡಿ ಬರೆಯುವುದೂ ಈಗ ಬೇಸರ ತರಿಸುತ್ತಿದೆ. ಕಾಲೇಜಿನ ಶುಲ್ಕಕ್ಕೆಂದು ಸಖರಾಯಪಟ್ಟಣದಿಂದ ಬೆಳಗಿನ ಬಸ್ಸು ಹಿಡಿದು ಬಂದ ಹುಡುಗ, ಪಾತ್ರೆ ತೊಳೆಯುವ ಕಟ್ಟೆಯ ಹಿಂದೆ ಗೋಡೆಯ ಕಡೆ ಮುಖ ಮಾಡಿ, ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ, ಒಂದು ಬೋಂಡಾವನ್ನು ಎರಡೇ ತುತ್ತಿಗೆ ನುಂಗುತ್ತಾನೆ. ಅವನು ಕದ್ದು ತಿಂದಂತೆ ತಿನ್ನಬೇಕೇ? ದಿನದ ದುಡಿಮೆಯ ಮಿತಿಯನ್ನು 9 ಗಂಟೆಯಿಂದ 10ಕ್ಕೆ ಏರಿಸುವ ಪ್ರಸ್ತಾವದ ಮೇಲೆ ಸಭೆ ನಡೆಸಲು 2025ರಲ್ಲಿ ಸರ್ಕಾರಕ್ಕೆ ಪುರುಸೊತ್ತಿತ್ತು. ಈ ಹತ್ತು ನಿಮಿಷದ ಕಳ್ಳಗಂಡಿಯನ್ನು ಮುಚ್ಚಲು ಇನ್ನೂ ಆಗಿಲ್ಲ.

ದೂರು ಕೊಡಲು ಕಾರ್ಮಿಕ ಇಲಾಖೆಯ ಕಚೇರಿಯೇನೋ ಇದೆ. ಭಾನುವಾರ ಅದಕ್ಕೆ ರಜೆ, ಸೋಮವಾರ ಹುಡುಗನಿಗೆ ಕಾಲೇಜು.