ಸಾಹೇಬರ ಹುಟ್ಟುಹಬ್ಬ ನೋಡಿಕೊಂಡು ಹಾಸಿಗೆ ಹಿಡಿಯಿರಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಿವಾಸಿಗಳು ಹೊಸ ಪಂಚಾಂಗ ತಂದ ಕೂಡಲೇ ಸಂಕಷ್ಟಿ, ಅಮಾವಾಸ್ಯೆಗಳಿಗಿಂತ ಮೊದಲು ತಮ್ಮ ವಾರ್ಡಿನ, ಕ್ಷೇತ್ರದ ಹಾಗೂ ಜಿಲ್ಲೆಯ ಮುಖಂಡರ ಜನ್ಮದಿನಗಳಿಗೆ ಗುರುತು ಹಾಕಿಕೊಳ್ಳುವುದು ಆರೋಗ್ಯಕ್ಕೆ ಹಿತಕರ. ಏಕೆಂದರೆ ನಮ್ಮಲ್ಲಿ ರೋಗಿಗೆ ಬೇಕಾದಾಗ ರಕ್ತ ಸಿಗುವುದು ದುರ್ಲಭ. ಸಾಹೇಬರು ಹುಟ್ಟಿದ ದಿನ ಮಾತ್ರ ಅದು ಧಾರಾಳವಾಗಿ ಹರಿಯುತ್ತದೆ.

ಈ ಶಿಬಿರಗಳ ವಿಧಿವಿಧಾನವನ್ನು ಮುಂದಿನ ಪೀಳಿಗೆಗಾಗಿ ದಾಖಲಿಸಿಡಬೇಕು. ಚನ್ನಮ್ಮ ವೃತ್ತದಿಂದ ಗೋಕುಲ ರಸ್ತೆಯವರೆಗೆ ವಾರಕ್ಕೆ ಮೊದಲೇ ಫ್ಲೆಕ್ಸ್‌ಗಳು ಏಳುತ್ತವೆ. ಅವುಗಳ ಮುಕ್ಕಾಲು ಭಾಗವನ್ನು ಸಾಹೇಬರ ಮುಖ, ಉಳಿದ ಕಾಲು ಭಾಗವನ್ನು ಅಭಿಮಾನಿ ಬಳಗದ ಮೂವತ್ತು ಮುಖಗಳು ಆಕ್ರಮಿಸಿರುವುದರಿಂದ, ‘ಬೃಹತ್ ರಕ್ತದಾನ ಶಿಬಿರ’ ಎಂಬ ಅಕ್ಷರಗಳನ್ನು ಹುಡುಕಲು ವಾಹನ ನಿಲ್ಲಿಸಬೇಕಾಗುತ್ತದೆ. ಆ ದಿನ ಹಾವೇರಿಯಿಂದ ಏಲಕ್ಕಿ ಹಾರ ಬರುತ್ತದೆ. (ಅದರ ಬೆಲೆ ಕೇಳಿದವರ ರಕ್ತದೊತ್ತಡ ಏರುವುದು ಸಹಜ; ಆದರೆ ಒತ್ತಡ ಏರಿದವರಿಂದ ರಕ್ತ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಬೆಲೆಯನ್ನು ಶಿಬಿರ ಮುಗಿದ ಮೇಲೆ ಕೇಳುವುದು ವಾಸಿ.) ಹಾರ ಧರಿಸಿದ ಸಾಹೇಬರು ಮಂಚದ ಮೇಲೆ ಒರಗಿ, ತೋಳು ಚಾಚಿ, ಅಂಗೈಯಲ್ಲಿ ಮೆತ್ತನೆಯ ಚೆಂಡು ಹಿಡಿದು, ಕ್ಯಾಮೆರಾದ ಕಡೆಗೆ ಮುಗುಳ್ನಗುತ್ತಾರೆ. ಸೂಜಿಯೊಂದು ಮಾತ್ರ ಹತ್ತಿರ ಸುಳಿಯುವುದಿಲ್ಲ. ಸಾಹೇಬರಿಗೆ ಸಕ್ಕರೆ ಕಾಯಿಲೆಯೂ ಇದೆ, ಕಲಘಟಗಿಯಲ್ಲಿ ಇನ್ನೊಂದು ಕಾರ್ಯಕ್ರಮವೂ ಇದೆ. ಅವರು ಎದ್ದುಹೋದ ಮಂಚದ ಮೇಲೆ ಕಾಲೇಜು ಹುಡುಗನೊಬ್ಬ ಮಲಗಿ ನಿಜವಾದ ರಕ್ತವನ್ನು ಕೊಟ್ಟು, ಬಿಸ್ಕಿಟು, ಹಣ್ಣಿನ ರಸ ಮತ್ತು ತನ್ನ ಹೆಸರಿಗಿಂತ ಸಾಹೇಬರ ಹೆಸರು ದಪ್ಪಗಿರುವ ಪ್ರಮಾಣಪತ್ರವನ್ನು ಪಡೆದು ಮನೆಗೆ ಹೋಗುತ್ತಾನೆ. ಆ ಹುಡುಗನ ಬಗ್ಗೆ ಈ ಅಂಕಣಕ್ಕೆ ಗೌರವವಲ್ಲದೆ ಬೇರೇನೂ ಇಲ್ಲ.

ತಕರಾರು ಇರುವುದು ಲೆಕ್ಕದಲ್ಲಿ. ಒಬ್ಬರಿಂದ ಒಂದು ಸಲಕ್ಕೆ 350 ಮಿಲಿಲೀಟರ್, ಮೈತೂಕ 55 ಕಿಲೋ ದಾಟಿದ್ದರೆ 450ರವರೆಗೆ ರಕ್ತ ಪಡೆಯುತ್ತಾರೆ. ಅದನ್ನು ಬೇರ್ಪಡಿಸಿದಾಗ ಸಿಗುವ ಪ್ಲಾಸ್ಮಾ ಎಂಬ ದ್ರವಭಾಗವನ್ನು ಹೆಪ್ಪುಗಟ್ಟಿಸಿ ವರ್ಷದವರೆಗೆ ಇಡಬಹುದು. ಕೆಂಪು ಕಣಗಳು ತಂಪು ಪೆಟ್ಟಿಗೆಯಲ್ಲಿ, ಬೆರೆಸಿದ ದ್ರಾವಣಕ್ಕೆ ತಕ್ಕಂತೆ, 35 ಅಥವಾ 42 ದಿನ ಬಾಳುತ್ತವೆ. ಪ್ಲೇಟ್‌ಲೆಟ್‌ಗಳಂತೂ ಹಗಲಿರುಳು ಅಲುಗಾಡಿಸುತ್ತಲೇ ಇದ್ದರೂ ಐದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಇತ್ತ, ಒಮ್ಮೆ ಕೊಟ್ಟ ಗಂಡಸು ಮತ್ತೆ ಕೊಡಬೇಕಾದರೆ 90 ದಿನ, ಹೆಂಗಸು 120 ದಿನ ಕಾಯಬೇಕು. ಅಂದಮೇಲೆ, ಎದುರು ಬಣದ ದಾಖಲೆಯನ್ನು ಮುರಿಯುವ ಹುರುಪಿನಲ್ಲಿ ಊರಿನ ಆರೋಗ್ಯವಂತ ತರುಣರನ್ನೆಲ್ಲ ಒಂದೇ ಮಧ್ಯಾಹ್ನ ಮಂಚಕ್ಕೆ ಹತ್ತಿಸಿದ ಸಂಘಟಕರು, ಅದೇ ಏಟಿಗೆ ಅವರನ್ನೆಲ್ಲ ಮೂರು ತಿಂಗಳು ರಕ್ತದಾನಕ್ಕೆ ಅನರ್ಹಗೊಳಿಸಿರುತ್ತಾರೆ. ರಕ್ತ 42ನೇ ದಿನಕ್ಕೆ ಮುಗಿಯುತ್ತದೆ. ದಾನಿ ಅರ್ಹನಾಗುವುದು 90 ದಿನ ಕಳೆದ ಮೇಲೆ. ನಡುವಿನ ಏಳು ವಾರಗಳಿಗೆ ಅಭಿಮಾನಿ ಬಳಗದ ಬಳಿ ಫ್ಲೆಕ್ಸ್ ಮಾತ್ರ ಉಳಿದಿರುತ್ತದೆ.

ಆದ್ದರಿಂದ ಸಾರ್ವಜನಿಕರು ಈ ಏಳು ವಾರ ಸ್ವಲ್ಪ ಸಹಕರಿಸಬೇಕು. ಬೈಪಾಸ್ ರಸ್ತೆಯಲ್ಲಿ ಲಾರಿಯನ್ನು ಹಿಂದೆ ಹಾಕುವ ಉಮೇದನ್ನು ತಡೆದುಕೊಳ್ಳಬೇಕು. ಹೆರಿಗೆಗೆ ಬಂದ ಹೆಣ್ಣುಮಕ್ಕಳು ಹೆಚ್ಚು ರಕ್ತಸ್ರಾವ ಮಾಡಿಕೊಳ್ಳಕೂಡದು. ಡೆಂಗಿ ಬಂದು ಪ್ಲೇಟ್‌ಲೆಟ್ ಬೇಕಾಗುವವರು ಜನ್ಮದಿನದ ಮರುದಿನದಿಂದ ಐದನೆಯ ದಿನದೊಳಗೆ ಜ್ವರ ಬರಿಸಿಕೊಂಡರೆ ಎಲ್ಲರಿಗೂ ಅನುಕೂಲ. ಏಪ್ರಿಲ್-ಮೇ ತಿಂಗಳಲ್ಲಿ ಕಾಯಿಲೆ ಬೀಳುವವರನ್ನು ಕುರಿತು ಹೇಳುವುದೇ ಬೇಡ. ಆಗ ಕಾಲೇಜುಗಳಿಗೆ ರಜೆ, ಹುಡುಗರು ಊರಿಗೆ, ಬಿಸಿಲಿಗೆ ಶಿಬಿರಗಳೂ ವಿರಳ. ಆದರೆ ಥಲಸ್ಸೀಮಿಯಾದ, ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ಸಾಕಷ್ಟು ಒಳ್ಳೆಯ ರಕ್ತ ತಯಾರಾಗದ, ಮಕ್ಕಳು ಸಹಕರಿಸುವಂತೆ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸದಿದ್ದರೆ ಅವರ ಮುಖ ಬಿಳಿಚುತ್ತದೆ, ಉಸಿರು ಸಾಲದಾಗುತ್ತದೆ. ಎರಡು ವಾರಕ್ಕೊಮ್ಮೆ ಹುಟ್ಟುವ ಸಾಹೇಬರೊಬ್ಬರನ್ನು ಯಾವ ಪಕ್ಷವೂ ಈವರೆಗೆ ಕಣಕ್ಕಿಳಿಸಿಲ್ಲ.

ಶಿಬಿರವಿಲ್ಲದ ದಿನಗಳಲ್ಲಿ ರೋಗಿಯ ಕಡೆಯವರಿಗೆ ಬದಲಿ ರಕ್ತ ಕೊಡಿಸುವಂತೆ ಸೂಚನೆ ಬರುತ್ತದೆ. ರೋಣದಿಂದಲೋ ಹಾನಗಲ್ಲಿನಿಂದಲೋ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಬಂದ ಮನುಷ್ಯ, ಬಸ್ ನಿಲ್ದಾಣ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಊರಿನಲ್ಲಿ, ‘ಎರಡು ಬಾಟ್ಲಿ’ ಹೊಂದಿಸಲು ಬಂಧುಗಳಿಗೆಲ್ಲ ಫೋನು ಹಚ್ಚುತ್ತಾನೆ. ರಕ್ತಸಂಬಂಧಿಗಳ ನಿಜವಾದ ಪರೀಕ್ಷೆ ನಡೆಯುವುದು ಆಗಲೇ. ಅಣ್ಣನ ಮಗ, “ಕಾಕಾ, ನನಗ ಮನ್ನೇರ ಜ್ವರ ಬಂದಿತ್ತು” ಎನ್ನುತ್ತಾನೆ. ಅಳಿಯನ ಪರವಾಗಿ ಅವನ ತಾಯಿ, “ಅವನ ಮೈಯಾಗ ರಕ್ತ ಎಲ್ಲೈತ್ರಿ, ಊಟಾನ ಮಾಡಂಗಿಲ್ಲ” ಎಂದು ವೈದ್ಯಕೀಯ ವರದಿ ಒಪ್ಪಿಸುತ್ತಾಳೆ. ಅಳಿಯ ಎಂಬತ್ತು ಕಿಲೋ ತೂಗುತ್ತಾನೆ. ಹಿಂದೆ ಇಂಥ ವೇಳೆಯಲ್ಲಿ ದುಡ್ಡಿಗೆ ರಕ್ತ ಮಾರುವವರಿದ್ದರು. 1996ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಆ ವ್ಯಾಪಾರಕ್ಕೆ ನಿಷೇಧ ಬಿತ್ತು. ಅವರ ಜಾಗವನ್ನು ಸ್ವಯಂಪ್ರೇರಿತ ದಾನಿಗಳು ತುಂಬುತ್ತಾರೆಂದು ನ್ಯಾಯಾಲಯ ನಂಬಿತ್ತು. ಬಹುಪಾಲು ಜಾಗವನ್ನು ವಾಟ್ಸಾಪ್ ತುಂಬಿದೆ. ದಿನಾಂಕವಿಲ್ಲದ ‘ತುರ್ತು, ಓ ನೆಗೆಟಿವ್’ ಸಂದೇಶಗಳು ರೋಗಿ ಗುಣವಾಗಿ ಹೊಲಕ್ಕೆ ಹೋದ ಮೇಲೂ ವರ್ಷಗಟ್ಟಲೆ ಊರೂರು ಅಲೆಯುತ್ತಿರುತ್ತವೆ, ಮತ್ತು ಅವನ್ನು ಮುಂದಕ್ಕೆ ಕಳಿಸಿದವರು ತಾವು ಅರ್ಧ ಬಾಟ್ಲಿಯನ್ನಾದರೂ ಕೊಟ್ಟ ತೃಪ್ತಿಯಲ್ಲಿ ಮಲಗುತ್ತಾರೆ.

ರಕ್ತಕ್ಕಾದರೂ ಫೋಟೊದ ಬಲವಿದೆ. ಪಾಪದ ಅಸ್ಥಿಮಜ್ಜೆಗೆ ಅದೂ ಇಲ್ಲ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ಮುಂತಾದ ಕಾಯಿಲೆಗಳಲ್ಲಿ ಬೇರೊಬ್ಬರ ಮಜ್ಜೆಯಲ್ಲಿ ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶಗಳನ್ನು ಕಸಿ ಮಾಡುವುದೇ ಎಷ್ಟೋ ಜನರಿಗೆ ಉಳಿದ ದಾರಿ. ಅದಕ್ಕೆ ಎ, ಬಿ, ಓ ಗುಂಪು ಕೂಡಿಬರಬೇಕೆಂದಿಲ್ಲ. ಎಚ್‌ಎಲ್‌ಎ ಎಂಬ ಅಂಗಾಂಶದ ಗುರುತುಗಳು ಕೂಡಿಬರಬೇಕು. ಒಡಹುಟ್ಟಿದ ಒಬ್ಬೊಬ್ಬರೊಂದಿಗೂ ಅವು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಉಳಿದವರು ಅಪರಿಚಿತ ದಾನಿಗಳ ನೋಂದಣಿ ಪಟ್ಟಿಯಲ್ಲಿ ಹುಡುಕಬೇಕು. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಪ್ರತಿಷ್ಠಾನ ಇಂಥ ಪಟ್ಟಿಗಳನ್ನು ನಡೆಸುತ್ತವೆ. ಹೆಸರು ಕೊಡುವುದೆಂದರೆ ಒಂದು ಅರ್ಜಿ ತುಂಬಿ, ಹತ್ತಿಕಡ್ಡಿಯನ್ನು ಕೆನ್ನೆಯ ಒಳಭಾಗಕ್ಕೆ ತಿಕ್ಕಿ ಕೊಡುವುದು, ಅಷ್ಟೇ. ಬಾಯಿ ತೆರೆದು ಕಡ್ಡಿ ಆಡಿಸುವ ಭಂಗಿ ಯಾವ ಫ್ಲೆಕ್ಸಿಗೂ ಶೋಭಿಸುವುದಿಲ್ಲ. ವರ್ಷಗಳವರೆಗೆ, ಬಹುಶಃ ಎಂದೆಂದಿಗೂ, ಕರೆಯೇ ಬಾರದಿರಬಹುದು. ಬಂದು ಕೊಟ್ಟರೂ ಪಡೆದವರು ಯಾರೆಂದು ಕೂಡಲೇ ತಿಳಿಸುವುದಿಲ್ಲವಾದ್ದರಿಂದ ಅವರಿಂದ ಶಾಲು ಹೊದೆಸಿಕೊಳ್ಳುವ ಅವಕಾಶವೂ ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಅರ್ಜಿಯಲ್ಲಿ ನಿಜವಾದ ವಯಸ್ಸನ್ನು ಬರೆಯಬೇಕು. ಸಂಸ್ಥೆಗೆ ತಕ್ಕಂತೆ 50 ಅಥವಾ 55 ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯ ಬಹಳಷ್ಟು ಯುವ ನಾಯಕರು ಈ ಒಂದು ಸಾಲಿನಲ್ಲಿಯೇ ಅನುತ್ತೀರ್ಣರಾಗುತ್ತಾರೆ.

ಉಳಿದ ಜನರ ಭಯ ಬೇರೆ ಬಗೆಯದು. ಮಜ್ಜೆಯೆಂದ ಕೂಡಲೇ ಬೆನ್ನುಹುರಿಯನ್ನೇ ಎಳೆದು ತೆಗೆಯುತ್ತಾರೆಂದು ಕಟ್ಟೆಯ ಮೇಲಿನ ತಜ್ಞರು ತೀರ್ಮಾನ ಕೊಡುತ್ತಾರೆ. ವಾಸ್ತವದಲ್ಲಿ ಹೆಚ್ಚಿನ ದಾನಗಳು ತೋಳಿನ ರಕ್ತನಾಳದ ಮೂಲಕವೇ ನಡೆಯುತ್ತವೆ: ಕಾಂಡಕೋಶಗಳು ರಕ್ತಕ್ಕೆ ಇಳಿದುಬರುವಂತೆ ಕೆಲವು ದಿನ, ಸಾಮಾನ್ಯವಾಗಿ ಐದು ದಿನ, ಚುಚ್ಚುಮದ್ದು ಕೊಟ್ಟು, ಬಳಿಕ ಯಂತ್ರದ ಪಕ್ಕದಲ್ಲಿ ಕೆಲವು ಗಂಟೆ ಕೂರಿಸಿ, ಬೇಕಾದ ಕೋಶಗಳನ್ನು ತೆಗೆದುಕೊಂಡು ಉಳಿದ ರಕ್ತವನ್ನು ದಾನಿಗೇ ಮರಳಿಸುತ್ತಾರೆ. ಮೈಕೈ ನೋವು, ತಲೆನೋವು ಬರುವುದುಂಟು. ಕೆಲವು ದಿನಗಳಲ್ಲಿ ಇಳಿಯುತ್ತವೆ. ಮಜ್ಜೆಯನ್ನೇ ತೆಗೆಯಬೇಕಾದಾಗ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ತೆಗೆಯುತ್ತಾರೆ. ಬೆನ್ನುಹುರಿಗೂ ಅದಕ್ಕೂ ಸಂಬಂಧವಿಲ್ಲ. ಕೊಟ್ಟದ್ದು ಕೆಲವೇ ವಾರಗಳಲ್ಲಿ ತುಂಬಿಬರುತ್ತದೆ. ಇದನ್ನೆಲ್ಲ ಕೇಳಿ ಹೂಂಗುಟ್ಟಿ ಹೆಸರು ಬರೆಸಿದವರಲ್ಲಿಯೂ ಕೆಲವರು ನಿಜವಾಗಿ ಕರೆ ಬಂದ ದಿನ, “ಮನ್ಯಾಗ ಒಪ್ಪವಲ್ರು” ಎನ್ನುತ್ತಾರೆ. ಇಲ್ಲಿ ನಗುವುದು ಕಷ್ಟ. ಕಸಿಗೆ ಮೊದಲು ರೋಗಿಯ ಸ್ವಂತ ಮಜ್ಜೆಯನ್ನು ತೀವ್ರ ಔಷಧಗಳಿಂದ ಬರಿದು ಮಾಡಿರುತ್ತಾರೆ. ಆ ಹಂತದಲ್ಲಿ ದಾನಿ ಹಿಂದೆ ಸರಿದರೆ ಅದು ರೋಗಿಯ ಜೀವಕ್ಕೇ ಎರವಾಗಬಹುದು.

ಅಂಗಾಂಶದ ಗುರುತುಗಳು ಕೂಡಿಬರುವ ಸಂಭವ ಒಂದೇ ಮೂಲದ ಜನರಲ್ಲಿ ಹೆಚ್ಚು. ಅಂದರೆ ಜಾತಿ, ಒಳಪಂಗಡ, ಬೆಡಗು ಎಂದು ನಾವು ತಲೆತಲಾಂತರದಿಂದ ಮಾಡಿಟ್ಟಿರುವ ವಿಂಗಡಣೆಯಿಂದ ಒಬ್ಬ ರೋಗಿಗಾದರೂ ಉಪಕಾರವಾಗಬಹುದಾದ ಏಕೈಕ ಸಂದರ್ಭವಿದು. ಸಮುದಾಯದ ಸಂಘಗಳು ನಡೆಸುವ ವಧು-ವರರ ಸಮಾವೇಶಗಳಲ್ಲಿ ಗೋತ್ರ, ನಕ್ಷತ್ರ, ಎತ್ತರ, ಪಗಾರ, ಹೊಲದ ಎಕರೆ, ಎಲ್ಲದರ ಹೊಂದಾಣಿಕೆಯನ್ನು ನೋಡಲಾಗುತ್ತದೆ. ಮರುಮದುವೆಯ ಅರ್ಜಿಗೂ ಬೇರೆಯದೇ ಬಣ್ಣದ ಕಾಗದವಿರುತ್ತದೆ. ಹದಿನೆಂಟು ದಾಟಿದ, ಆರೋಗ್ಯವಂತ, ಒಂದೇ ಮೂಲದ ನೂರಾರು ತರುಣ-ತರುಣಿಯರು ಒಂದೇ ಮಂಗಲ ಕಾರ್ಯಾಲಯದಲ್ಲಿ ಸುಮ್ಮನೆ ಕಾಯುತ್ತ ಕುಳಿತಿರುವ ದೃಶ್ಯ ಬೇರೆಲ್ಲಿ ಸಿಕ್ಕೀತು? ಜಾತಕದ ಮೇಜಿನ ಪಕ್ಕದಲ್ಲಿ ಹತ್ತಿಕಡ್ಡಿಯ ಮೇಜೊಂದನ್ನೂ ಹಾಕಬಾರದೇಕೆ ಎಂದು ಇಂಥದೊಂದು ಸಂಘದ ಹಿರಿಯ ಪದಾಧಿಕಾರಿಯೊಬ್ಬರನ್ನು ಕೇಳಲಾಯಿತು.

“ವಿಚಾರ ಭಾಳ ಛಲೋ ಐತ್ರಿ,” ಎಂದು ಅವರು ಒಪ್ಪಿದರು. “ಆದ್ರ ಅಲ್ಲಿ ಹೆಸರು ಬರಸಿದ ಹುಡುಗೀನ್ನ ನಾಳೆ ಕನ್ಯಾ ನೋಡಾಕ ಯಾರು ಬರ್ತಾರ್ರಿ? ‘ಎಲುವಿನ ಸತ್ವಾ ಕೊಡಾಕ ನಿಂತಾಕಿ, ನಾಳೆ ಮಕ್ಕಳಾಗ್ತಾವೋ ಇಲ್ಲೋ’ ಅಂತಾರ ಮಂದಿ.”

ಹಾಗಾದರೆ ಗಂಡುಹುಡುಗರ ಹೆಸರನ್ನಷ್ಟೇ ಬರೆದುಕೊಳ್ಳೋಣವೇ ಎಂದದ್ದಕ್ಕೆ ಅವರು ಬಹಳ ಹೊತ್ತು ವಿಚಾರ ಮಾಡಿ, “ಅವರವ್ವಗೋಳು ಬಿಡಬೇಕಲ್ರಿ” ಎಂದರು.